ನೀರು ಕುಡಿದ ಕುಣಿಗಳು

ಸಿಡಿಲು ಯಾವ ಹೊಲಕ್ಕೆ ಬೀಳುತ್ತದೆ ಎಂಬುದು ಹತ್ತು ನಿಮಿಷ ಮೊದಲೇ ತಿಳಿದರೆ? ವಿಜಯಪುರದ ಹೊರವಲಯದಲ್ಲಿದ್ದ ಸಿಡಿಲು ಮುನ್ಸೂಚನಾ ಕೇಂದ್ರದಲ್ಲಿ ಮೆಹಜಬೀನ್ ನದಾಫ ಮೂರು ವರ್ಷದಿಂದ ಈ ಪ್ರಶ್ನೆಯ ಬೆನ್ನು ಹತ್ತಿದ್ದಳು. ಅರ್ಧ ಉತ್ತರ ಅವಳ ಕೈಯಲ್ಲಿತ್ತು. ಡೋಣಿ ನದಿಯ ಎರಡೂ ದಂಡೆಗುಂಟ ನಿಲ್ಲಿಸಿದ ನಲವತ್ತು ಗೋಪುರಗಳು ಮೋಡದಲ್ಲಿ ಎಷ್ಟು ವಿದ್ಯುತ್ತು ತುಂಬಿಕೊಂಡಿದೆ ಎಂದು ಸೆಕೆಂಡಿಗೊಮ್ಮೆ ಅಳೆದು ಕಳಿಸುತ್ತಿದ್ದವು. ಹೊರಗಿನ ಕಂಪನಿಯೊಂದು ಮಾಡಿಕೊಟ್ಟ ‘ಮುಗಿಲು’ ಎಂಬ ಸಾಫ್ಟ್‌ವೇರ್ ಅದನ್ನು ನಕ್ಷೆಯ ಮೇಲೆ ಬಣ್ಣವಾಗಿ ಹರಡಿ ತೋರಿಸುತ್ತಿತ್ತು.

ಆದರೆ ಸಿಡಿಲು ಮೇಲಿನಿಂದಷ್ಟೇ ಬರುವುದಿಲ್ಲ. ಅದು ಇಳಿದು ಬರುವಾಗ ನೆಲದಿಂದಲೂ ಒಂದು ಎಳೆ ಮೇಲೇಳುತ್ತದೆ. ಎರಡೂ ಕೂಡಿದ ಕಡೆ ಬಡಿಯುತ್ತದೆ. ಯಾವ ನೆಲ ವಿದ್ಯುತ್ತನ್ನು ಸಲೀಸಾಗಿ ಹರಿಯಬಿಡುತ್ತದೆ, ಯಾವುದು ತಡೆಯುತ್ತದೆ ಎಂಬುದು ಗೊತ್ತಿಲ್ಲದಿದ್ದರೆ ಹತ್ತು ಮೈಲಿ ಸುತ್ತಲಿಗೂ ಒಂದೇ ಎಚ್ಚರಿಕೆ ಕೊಡಬೇಕಾಗುತ್ತಿತ್ತು. ಕೈಗೆ ಕಟ್ಟಿಕೊಳ್ಳುವ ಎಚ್ಚರಿಕೆ ಪಟ್ಟಿಗಳನ್ನು ಸಾವಿರದ ಇನ್ನೂರು ಜನರಿಗೆ ಕೇಂದ್ರದವರು ಹಂಚಿದ್ದರು. ಅವು ಗುಂಯ್‌ಗುಟ್ಟಿದರೂ ಯಾರೂ ಕದಲುತ್ತಿರಲಿಲ್ಲ. ಹತ್ತು ನಿಮಿಷದಲ್ಲಿ ಹತ್ತು ಮೈಲಿ ದಾಟುವವರು ಯಾರು?

ಅಷ್ಟೂ ನೆಲವನ್ನು ಹೊಸದಾಗಿ ಅಳೆಯಲು ನಾಲ್ಕು ವರ್ಷ ಬೇಕಿತ್ತು. ಆಗ ಮೆಹಜಬೀನಳಿಗೆ ಯಾರೋ ಡೋಣಿ ಕಣಿವೆ ದೂರವಾಣಿ ಸಂಸ್ಥೆಯ ನೆನಪು ಮಾಡಿಕೊಟ್ಟರು. ಮುಚ್ಚಿಹೋದ ಆ ಸಂಸ್ಥೆ ತನ್ನ ಹನ್ನೊಂದು ಸಾವಿರ ಕಂಬಗಳ ಬುಡದಲ್ಲೂ ಸಿಡಿಲನ್ನು ನೆಲಕ್ಕಿಳಿಸುವ ಒಂದೊಂದು ಅರ್ಥಿಂಗ್ ಕುಣಿ ತೋಡಿ, ಅಲ್ಲಿಯ ನೆಲ ವಿದ್ಯುತ್ತನ್ನು ಎಷ್ಟು ತಡೆಯುತ್ತದೆ ಎಂದು ವರ್ಷವರ್ಷ ಅಳೆದಿತ್ತು. ಕಂಬಗಳು ಹೋಗಿದ್ದವು. ಅಳತೆಗಳು ಮಾತ್ರ ತಾಳಿಕೋಟಿಯಲ್ಲಿ, ಗುರುಬಾಯಿ ಹಂಚಿನಾಳ ಎಂಬವರ ಮನೆಯಲ್ಲಿ ಉಳಿದಿದ್ದವು.

ಗುರುಬಾಯಿ ಆ ಸಂಸ್ಥೆಯ ಟೆಸ್ಟ್ ರೂಮಿನಲ್ಲಿ ಗುಮಾಸ್ತೆಯಾಗಿದ್ದವರು. ವಯಸ್ಸು ಎಪ್ಪತ್ತರ ಹತ್ತಿರ. ಕಚೇರಿ ಮುಚ್ಚಿದ ದಿನ ಕಂಪ್ಯೂಟರನ್ನು ಗುಜರಿಯವರು ಎತ್ತಲು ಬಂದಾಗ, ಸಾಹೇಬರಿಂದ ಕಾಗದ ಬರೆಸಿಕೊಂಡು ಅದನ್ನು ಟಾಂಗಾದಲ್ಲಿ ಮನೆಗೆ ತಂದಿದ್ದರು. ಅದೀಗ ಪಡಸಾಲೆಯಲ್ಲಿ ಕಸೂತಿಯ ಬಟ್ಟೆ ಹೊದ್ದು ಕೂತಿತ್ತು. ಪಕ್ಕದ ಕೋಣೆಯಲ್ಲಿ ಮಗಳು ಸುಗಲಾ ಮತ್ತು ನಾಲ್ವರು ಹೆಂಗಸರು ಅಂಗಡಿಗಳಿಗೆ ಕಳಿಸುವ ರೊಟ್ಟಿ ಬಡಿಯುತ್ತಿದ್ದರು.

“ಪ್ರತಿ ಸೋಮವಾರ ಚಾಲೂ ಮಾಡತೀನಿ ತಂಗಿ. ಇಲ್ಲಾಂದ್ರ ಜಡ್ಡು ಹಿಡೀತೈತಿ,” ಎನ್ನುತ್ತ ಅವರು ಬಟ್ಟೆ ತೆಗೆದರು.

ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು ಮೂಡಿದವು. ಕಂಬದ ನಂಬರು ಮತ್ತು ತಾರೀಖು ಕೊಟ್ಟರೆ ಸಾಕು, ಹಳೆಯ ಅಳತೆಗಳನ್ನೆಲ್ಲ ನೋಡಿ, ಬಿಸಿಲು ಮಳೆಯ ಕಾಲವನ್ನು ಲೆಕ್ಕ ಹಾಕಿ, ಆ ದಿನ ಆ ಕುಣಿಯ ನೆಲ ಎಷ್ಟು ಓಮ್ ಇರಬಹುದೆಂದು ಅದು ಹೇಳುತ್ತಿತ್ತು. ಈ ಲೆಕ್ಕ ಕಟ್ಟಿದ ಮನುಷ್ಯ ತೀರಿಹೋಗಿ ಬಹಳ ವರ್ಷವಾಗಿತ್ತು. ಒಳಗಿನ ಸೂತ್ರ ಯಾರಿಗೂ ತಿಳಿದಿರಲಿಲ್ಲ. ಹಾಗಾಗಿ ಮಾಹಿತಿಯನ್ನಷ್ಟೇ ನಕಲು ಮಾಡಿಕೊಂಡು ಹೋದರೆ ಉಪಯೋಗವಿರಲಿಲ್ಲ. ಈ ಯಂತ್ರವೇ ಬದುಕಿರಬೇಕು, ‘ಮುಗಿಲು’ ಕೇಳಿದಾಗಲೆಲ್ಲ ಇದೇ ಉತ್ತರ ಕೊಡಬೇಕು.

“ಇದಕ್ಕ ಇಂಟರ್ನೆಟ್ಟು ಅಂದ್ರ ಗೊತ್ತಿಲ್ಲ,” ಎಂದರು ಗುರುಬಾಯಿ. “ಪ್ರಿಂಟರ್ ಒಂದ ಗೊತ್ತು.”

“ಅಷ್ಟ ಸಾಕ್ರಿ ಆಯಿ,” ಎಂದಳು ಮೆಹಜಬೀನ್.

ಅವಳು ಪ್ರಿಂಟರಿನ ವಾಯರನ್ನು ತಾನು ತಂದ ಪುಟ್ಟ ಪೆಟ್ಟಿಗೆಗೆ ಸಿಕ್ಕಿಸಿದಳು. ಹಳೆಯ ಯಂತ್ರ ಕಾಗದದ ಮೇಲೆ ಅಚ್ಚು ಹಾಕುತ್ತಿದ್ದೇನೆಂದೇ ತಿಳಿದು ಸಾಲುಗಳನ್ನು ಕಳಿಸುತ್ತದೆ. ಪೆಟ್ಟಿಗೆ ಅವನ್ನು ಹಿಡಿದು ವಿಜಯಪುರಕ್ಕೆ ರವಾನಿಸುತ್ತದೆ. ಅಲ್ಲಿಂದ ಬರುವ ಪ್ರಶ್ನೆಗಳನ್ನು ಇನ್ನೊಂದು ಪೆಟ್ಟಿಗೆ ಕೀಬೋರ್ಡಿನ ಜಾಗದಲ್ಲಿ ಕೂತು, ಯಾರೋ ಬೆರಳಿನಿಂದ ಟೈಪು ಮಾಡಿದಂತೆ, ಯಂತ್ರಕ್ಕೆ ತಿಳಿಸುತ್ತದೆ. ಇಷ್ಟು ಮಾಡಲು ಒಂಬತ್ತು ದಿನ ಹಿಡಿಯಿತು. ಒಂಬತ್ತು ದಿನವೂ ಅವಳು ಅಲ್ಲೇ ಉಂಡಳು. ಸುಗಲಾ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ತಟ್ಟೆಗೆ ಹಾಕುವಾಗ “ಇನ್ನೊಂದು” ಎಂದು ಎಂದೂ ಕೇಳಲಿಲ್ಲ, ಸುಮ್ಮನೆ ಹಾಕುತ್ತಿದ್ದಳು.

ಮನೆಯಲ್ಲಿ ಇನ್ನೊಬ್ಬರಿದ್ದರು: ಗುರುಬಾಯಿಯ ಗಂಡ ರೇವಣಸಿದ್ದ. ಅದೇ ಸಂಸ್ಥೆಯಲ್ಲಿ ಲೈನ್‌ಮನ್ ಆಗಿದ್ದವರು. ಅಳತೆಗಳಲ್ಲಿ ಮುಕ್ಕಾಲು ಪಾಲು ಅವರೇ ಸೈಕಲ್ ತುಳಿದು ಮಾಡಿದ್ದು. ಕಂಬ ಹತ್ತಿ ಟೆಸ್ಟ್ ಫೋನಿನಲ್ಲಿ ಅಂಕಿ ಹೇಳುತ್ತಿದ್ದರು, ಈ ತುದಿಯಲ್ಲಿ ಗುರುಬಾಯಿ ಟೈಪು ಮಾಡುತ್ತಿದ್ದರು. ಮೆಹಜಬೀನ್ ಬಂದಾಗಲೆಲ್ಲ ಅವರು ಚಪ್ಪಲಿ ಮೆಟ್ಟಿ ಹೊರಗೆ ಹೋಗಿಬಿಡುತ್ತಿದ್ದರು.

ಪ್ರತಿ ಅಳತೆಯ ಮುಂದೆ ಷರಾ ಬರೆಯಲು ಒಂದು ಸಣ್ಣ ಜಾಗವಿತ್ತು. ಅದರಲ್ಲಿ ಎರಡೆರಡು ಇಂಗ್ಲಿಷ್ ಅಕ್ಷರಗಳು ತುಂಬಿದ್ದವು. ‘ಮುಗಿಲು’ ಅದನ್ನು ಓದಲಾರದೆ ಕಸವೆಂದು ಬದಿಗೆ ಸರಿಸಿತ್ತು. ಮೆಹಜಬೀನ್ ಒಂದು ಕುತೂಹಲಕ್ಕೆ ಕೇಳಿದಳು, “ಆಯಿ, ಈ ‘ಯುಎಂ’ ಅಂದ್ರ ಏನ್ರಿ? ಬರೇ ಮಧ್ಯಾಹ್ನ ಒಂದರಿಂದ ಎರಡರ ಒಳಗಿನ ಅಳತಿಗೇ ಐತಿ. ನಾಲ್ಕು ವರ್ಷ ಬಂದು ಆಮ್ಯಾಲೆ ಒಮ್ಮೆಲೇ ನಿಂತೈತಿ.”

ಗುರುಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. “ಅದು ನೆಲದ್ದಲ್ಲ ಬಿಡು. ಇವರು ಫೋನಿನ್ಯಾಗ ಊಟ ಮಾಡಿದಿಯಾ ಅಂತ ಕೇಳತಿದ್ರು. ಸಾಹೇಬ್ರು ಪಕ್ಕದಾಗ ಇರತಿದ್ರು, ಮಾತಾಡಾಕ ಬರತಿರಲಿಲ್ಲ. ಏನರೆ ಟೈಪು ಮಾಡಬೇಕಲ್ಲ ಅಂತ ಅದನ್ನ ಮಾಡತಿದ್ನಿ.”

“ಮತ್ತ ನಿಂತಿದ್ದು?”

“ಲಗ್ನ ಆತು.”

ಒಳಗಿನ ಕೋಣೆಯಲ್ಲಿ ರೊಟ್ಟಿಯ ಸಪ್ಪಳ ನಿಂತು ಐವರೂ ಹೆಂಗಸರು ಒಮ್ಮೆಲೇ ನಕ್ಕರು. ಷರಾದ ಬಗ್ಗೆ ಮೆಹಜಬೀನ್ ಮತ್ತೇನೂ ಕೇಳಲಿಲ್ಲ. ಕೇಳಬೇಕಿತ್ತು.

ಎಪ್ರಿಲ್ ಮೊದಲ ವಾರ ಜೋಡಣೆ ಮುಗಿಯಿತು. ಕೇಂದ್ರದ ದೊಡ್ಡ ಪರದೆಯ ಮೇಲೆ ಬರಿದಾಗಿದ್ದ ನೆಲ ಕಂಬಕಂಬವಾಗಿ ತುಂಬಿಕೊಳ್ಳುತ್ತ ಹೋದದ್ದನ್ನು ಎಲ್ಲರೂ ಎದ್ದು ನಿಂತು ನೋಡಿದರು. ಹತ್ತು ಮೈಲಿಯ ಎಚ್ಚರಿಕೆ ಈಗ ಎರಡು ಹೊಲದಷ್ಟಕ್ಕೆ ಇಳಿದಿತ್ತು. ಎಲ್ಲಿ ಅಪಾಯ, ಯಾವ ದಿಕ್ಕಿಗೆ ಹೋಗಬೇಕು ಎಂಬುದನ್ನು ಪಟ್ಟಿ ಮಾತಿನಲ್ಲೇ ಹೇಳುತ್ತಿತ್ತು. ಮೊದಲ ಅಡ್ಡಮಳೆಗೆ ಉಳ್ಳಾಗಡ್ಡಿ ಕೀಳುತ್ತಿದ್ದ ಹದಿನಾಲ್ಕು ಹೆಂಗಸರು ಹೊಲ ಬಿಟ್ಟು ಹೋದ ಆರು ನಿಮಿಷಕ್ಕೆ ಅದೇ ಹೊಲದ ಬೇವಿನ ಗಿಡ ಸೀಳಿತು. ಮರುದಿನ ಅವರೆಲ್ಲ ಟ್ರ್ಯಾಕ್ಟರಿನಲ್ಲಿ ಕೇಂದ್ರಕ್ಕೆ ಬಂದು ಮೆಹಜಬೀನಳ ಮುಖ ಮುಟ್ಟಿ ನೆಟಿಕೆ ಮುರಿದರು.

ಎಪ್ರಿಲ್ ಇಪ್ಪತ್ತಾರರಂದು ಇನ್ನೊಂದು ಮೋಡ ಬಂತು.

ಅಮೋಗಸಿದ್ಧ ಎಂಬ ಕುರಿಗಾರ ಹೆಂಡತಿ ಲಗಮವ್ವನೊಂದಿಗೆ ಕಲ್ಲುಮಡ್ಡಿ ಎಂಬ ಬರಡು ದಿಣ್ಣೆಯ ಮೇಲೆ ಕುರಿ ಮೇಯಿಸುತ್ತಿದ್ದ. ಅವನ ಕೈಪಟ್ಟಿ ಗುಂಯ್‌ಗುಟ್ಟಿ, ನಿಂತ ಜಾಗ ಬಿಟ್ಟು ಮೂಡಣದ ತಗ್ಗಿಗೆ ಹೋಗು ಎಂದಿತು. ಅವನು ತಡಮಾಡದೆ ಹಿಂಡನ್ನು ಅತ್ತ ತಿರುಗಿಸಿದ. ಒಂದು ಮರಿ ಹಿಂದೆ ಉಳಿದಿತ್ತು. ಗಂಡಹೆಂಡಿರಿಬ್ಬರೂ ಅದನ್ನು ಹಿಡಿಯಲು ನಿಂತರು. ಅಷ್ಟರಲ್ಲಿ ಮೂಡಣದ ತಗ್ಗಿಗೇ ಸಿಡಿಲು ಬಡಿಯಿತು. ಹದಿನೆಂಟು ಕುರಿಗಳು ನಿಂತಲ್ಲೇ ಬಿದ್ದವು. ಪಟ್ಟಿ ಅಪಾಯವೆಂದಿದ್ದ ಜಾಗದಲ್ಲಿ, ಮರಿಯನ್ನು ಅವುಚಿಕೊಂಡು ನಿಂತಿದ್ದ ಇಬ್ಬರಿಗೆ ಏನೂ ಆಗಲಿಲ್ಲ.

ಅಮೋಗಸಿದ್ಧ ಪಟ್ಟಿಯನ್ನು ಬಿಚ್ಚಿ ಕಲ್ಲಿನ ಮೇಲಿಟ್ಟು ಇನ್ನೊಂದು ಕಲ್ಲಿನಿಂದ ಜಜ್ಜಿದ. ಪರದೆಯ ಮೇಲೆ ಅವನ ಚುಕ್ಕಿ ಆರಿಹೋದದ್ದನ್ನು ಮೆಹಜಬೀನ್ ಕೇಂದ್ರದಲ್ಲಿ ಕೂತು ನೋಡಿದಳು. ಅವನು ಸತ್ತನೆಂದೇ ಅವಳು ತಿಳಿದಳು. ಬದುಕಿದ್ದಾನೆಂಬ ಸುದ್ದಿ ಬರುವವರೆಗೆ ನಲವತ್ತು ನಿಮಿಷ ಅವಳು ಆ ಚುಕ್ಕಿಯಿದ್ದ ಜಾಗದಿಂದ ಕಣ್ಣು ತೆಗೆಯಲಿಲ್ಲ.

‘ಮುಗಿಲು’ ಕಂಪನಿಯ ವ್ಯವಸ್ಥಾಪಕರು ಮರುದಿನ ಬೆಳಿಗ್ಗೆಯೇ ಫೋನು ಮಾಡಿದರು. “ನಮ್ಮ ಸಾಫ್ಟ್‌ವೇರಿನಲ್ಲಿ ದೋಷವಿಲ್ಲ. ನಿಮ್ಮ ಅಜ್ಜಿಯ ಯಂತ್ರದ ಮಾಹಿತಿಯಲ್ಲಿ ದೋಷವಿದೆ. ಅದನ್ನು ಕಿತ್ತುಹಾಕಿ, ಮೊದಲಿನಂತೆ ಹತ್ತು ಮೈಲಿಗೆ ಹೋಗಿ.”

“ಒಂದು ತಿಂಗಳು ಕೊಡಿ ಸರ್,” ಎಂದಳು ಅವಳು. “ಜೂನಿನ ಮಿರಗದ ಮಳೆ ಬರೋದ್ರೊಳಗ ಕಾರಣ ಹುಡುಕತೀನಿ. ಅಲ್ಲೀತನಕ ಪಟ್ಟಿ ಹತ್ತು ಮೈಲಿದೇ ಹೇಳಲಿ.”

ಅಂದೇ ತಾಳಿಕೋಟಿಗೆ ಹೋದಳು. ಗುರುಬಾಯಿ ಏನೂ ಕೇಳದೆ ಅವಳನ್ನು ಒಳಗೆ ಕರೆದು ಕೂರಿಸಿ, ಮೊದಲು ನೀರು ಕೊಟ್ಟರು. ಅವಳು ಕಲ್ಲುಮಡ್ಡಿಯ ಎರಡು ಕಂಬಗಳ ಅಳತೆಯನ್ನು ಕಾಗದದ ಮೇಲೆ ಬರೆದು ತೋರಿಸಿದಳು. “ಕುರಿ ಮೊದಲು ನಿಂತಿದ್ದಲ್ಲಿ ಎಂಟು ಓಮ್ ಅಂತೈತಿ. ಕಲ್ಲು ನೆಲ ಅದು, ಎಂಟು ಹ್ಯಾಂಗ ಬರತೈತಿ ಆಯಿ? ಅಷ್ಟು ಕಡಿಮಿ ಇದ್ದರ ಸಿಡಿಲು ಅಲ್ಲೇ ಇಳೀತೈತಿ ಅಂತ ‘ಮುಗಿಲು’ ತಿಳಕೊಳ್ತು. ತಗ್ಗಿಗೆ ಹೋಗ್ರಿ ಅಂತು.”

ಗುರುಬಾಯಿ ಕನ್ನಡಕ ಹಾಕಿಕೊಂಡು ಆ ಕಂಬದ ಸಾಲನ್ನು ಪರದೆಯ ಮೇಲೆ ತೆರೆದರು. ಅಂಕಿಯ ಪಕ್ಕದ ಷರಾದಲ್ಲಿ ‘ಎನ್‌ಕೆ’ ಎಂದಿತ್ತು. ಅವರು ತಿರುಗಿ ಬಾಗಿಲ ಕಡೆ ನೋಡಿದರು.

ಹೊರಗೆ ಹೊರಟಿದ್ದ ರೇವಣಸಿದ್ದ ಬಾಗಿಲಲ್ಲೇ ನಿಂತಿದ್ದರು. ಅವರೇ ಹೇಳಿದರು. “ನೀರು ಕುಡಿಸೀನಿ ಅಂತ ಅದು.”

ಚಪ್ಪಲಿ ಕಳಚಿ ಒಳಗೆ ಬಂದು ನೆಲದ ಮೇಲೆ ಕೂತರು. “ವರ್ಷಕ್ಕೊಮ್ಮಿ ಇನ್‌ಸ್ಪೆಕ್ಟರು ಬರತಿದ್ರು ತಂಗಿ. ಅಳತಿ ಇಪ್ಪತ್ತರ ಒಳಗ ಇರಬೇಕು. ಇಲ್ಲಾಂದ್ರ ಕುಣಿ ಹೊಸದಾಗಿ ತೋಡಿ ಉಪ್ಪು ಇದ್ದಲಿ ತುಂಬಬೇಕು. ಉಪ್ಪೂ ಕೊಡತಿರಲಿಲ್ಲ, ಇದ್ದಲೀನೂ ಕೊಡತಿರಲಿಲ್ಲ. ನಾವು ಎರಡು ಕೊಡ ನೀರು ಸುರದು ಅಳೀತಿದ್ವಿ. ಹಸಿ ನೆಲ ಅಲ್ಲೇನು, ಎಂಟು ತೋರಸ್ತಿತ್ತು. ಎಲ್ಲಾರೂ ಮಾಡತಿದ್ರು, ನಾನೂ ಮಾಡಿದ್ನಿ. ಮನಸಿಗೆ ಮಾತ್ರ ಸರಿ ಕಾಣತಿರಲಿಲ್ಲ. ಅದಕ್ಕ ನಂದಿರಲಿ, ಉಳಿದೋರದಿರಲಿ, ಈಕಿಗೆ ಹೇಳತಿದ್ನಿ, ಸುಳ್ಳು ಬರಿ, ಸುಳ್ಳು ಅಂತ ಒಂದು ಗುರ್ತು ಹಾಕಿಡು ಅಂತ.”

“‘ಮುಗಿಲು’ ಬರೇ ಅಂಕಿ ತಗೊಂತು,” ಎಂದಳು ಮೆಹಜಬೀನ್. “ಗುರ್ತನ್ನ ಕಸ ಅಂತು. ನಾನೂ ಹೂಂ ಅಂದೆ.”

“ನೀ ಬಂದ ದಿನದಿಂದ ನನಗ ನಿದ್ದಿ ಇಲ್ಲ,” ಎಂದರು ರೇವಣಸಿದ್ದ. “ಹೇಳಬೇಕು ಅಂತ ಬರತಿದ್ನಿ, ಚಪ್ಪಲಿ ಮೆಟ್ಟಿ ಹೋಗಿಬಿಡತಿದ್ನಿ. ಗುರ್ತು ಐತಲ್ಲ, ಓದತಾರ ಅಂತ ಸಮಾಧಾನ ಮಾಡಕೊಂಡ್ನಿ.”

ಗುರುಬಾಯಿ ಗಂಡನ ಕಡೆ ನೋಡಲಿಲ್ಲ. “ಟೈಪು ಮಾಡಿದಾಕಿ ನಾನು,” ಎಂದರು. “ಯುಎಂ ಕೇಳಿದಾಗ ಎನ್‌ಕೆದ್ದೂ ನಾನ ಹೇಳಬೇಕಿತ್ತು. ನಗೂದರಾಗ ಮರತ್ನಿ.”

ಹುಡುಕಿದಾಗ ‘ಎನ್‌ಕೆ’ ಗುರುತಿನ ಕುಣಿಗಳು ಸಾವಿರದ ಆರುನೂರಾ ನಲವತ್ತು ಸಿಕ್ಕವು. ಉಳಿದವು ನಿಜ ಹೇಳುತ್ತಿದ್ದವು. ಇಷ್ಟನ್ನು ಮಾತ್ರ ಹೊಸದಾಗಿ ಅಳೆಯಬೇಕಿತ್ತು. ಕಂಬಗಳಿಲ್ಲದೆ, ಜಾಲಿ ಬೆಳೆದ ಮಡ್ಡಿಗಳಲ್ಲಿ ಆ ಕುಣಿಗಳು ಎಲ್ಲಿವೆ ಎಂದು ಹೇಳಬಲ್ಲವರು ರೇವಣಸಿದ್ದ ಒಬ್ಬರೇ.

ಅವರು ಮೊದಲು ಅಳೆಯಲು ಹೋಗಲಿಲ್ಲ. “ಕುರಿಯವನ ಹತ್ತರ ಕರಕೊಂಡು ಹೋಗು,” ಎಂದರು.

ಮೆಹಜಬೀನ್ ಅವರನ್ನು ಜೀಪಿನಲ್ಲಿ ಕಲ್ಲುಮಡ್ಡಿಗೆ ಕರೆದೊಯ್ದಳು. ಅಮೋಗಸಿದ್ಧ ಬಡಿಗೆಗೆ ಗದ್ದ ಊರಿ ನಿಂತಿದ್ದ. ರೇವಣಸಿದ್ದ ನಡೆದದ್ದನ್ನೆಲ್ಲ ನಿಂತೇ ಹೇಳಿದರು. ಕೊನೆಗೆ, “ನೀರು ಹಾಕಿದಾಂವ ನಾನು,” ಎಂದು ಕೈಮುಗಿದರು.

ಲಗಮವ್ವ ಮುಂದೆ ಬಂದಳು. “ಹದಿನೆಂಟು ಅಂತ ಬರಕೊಂಡ್ರಲ್ಲ ನಿಮ್ಮೋರು, ಒಂದಕ್ಕರೆ ಹೆಸರು ಕೇಳಿದ್ರೇನು? ಕೇಳ್ರಿ ಈಗ.” ಒಂದೊಂದಾಗಿ ಹೇಳಿದಳು. ಕರಿಕಿವಿ. ಬೋಳಿ. ಬೋಳಿಯ ಮಗಳು ಚಿಕ್ಕಿ. ಮುದುಕಿ ಗಂಗಿ, ಅವಳಿಗೆ ಹಲ್ಲಿಲ್ಲದೆ ತಾನೇ ಸೊಪ್ಪು ಮುರಿದು ತಿನಿಸುತ್ತಿದ್ದದ್ದು. ಹದಿನೆಂಟೂ ಮುಗಿಯುವವರೆಗೆ ರೇವಣಸಿದ್ದ ತಲೆ ಎತ್ತಲಿಲ್ಲ. ಬಿಸಿಲು ನೆತ್ತಿಗೆ ಬಂದಿತ್ತು. ಹೇಳಿ ಮುಗಿಸಿದ ಲಗಮವ್ವ ಕಣ್ಣೊರೆಸಿಕೊಂಡು, ಮುದುಕರು ಇನ್ನೂ ನಿಂತೇ ಇರುವುದನ್ನು ನೋಡಿದಳು. ಕಂಬಳಿ ಹಾಸಿ, “ಕುಂದರ್ರಿ ಯಪ್ಪಾ,” ಎಂದಳು. ಮಜ್ಜಿಗೆ ಕೊಟ್ಟಳು.

ಆಮೇಲೆ ಅಮೋಗಸಿದ್ಧ ಕೇಳಿದ. “ಎಷ್ಟು ಕುಣಿ ಅಳೀಬೇಕು?”

“ಸಾವಿರದ ಆರುನೂರು.”

“ಈ ಮುದುಕ ಒಬ್ಬನ ಅಳೀತಾನೇನು?” ಅವನು ಮೆಹಜಬೀನಳ ಕೈಯಲ್ಲಿದ್ದ ಅಳತೆಯ ಉಪಕರಣವನ್ನು ತಿರುಗಿಸಿ ನೋಡಿದ. ಎರಡು ಉಕ್ಕಿನ ಮೊಳೆ, ಒಂದು ಸಣ್ಣ ಡಬ್ಬಿ. “ಇದನ್ನ ನನ್ನ ಬಡಿಗಿ ತುದಿಗೆ ಬಡೀರಿ. ಹ್ಯಾಂಗೂ ಅಷ್ಟೂ ನೆಲಾ ನಾವು ಕುರಿಯೋರು ತುಳೀತೀವಿ. ಇವರು ತೋರಸಲಿ, ನಾವು ಚುಚ್ಚತೀವಿ.”

ಹಾಗೆ ಹನ್ನೆರಡು ಕುರಿಗಾರರ ಬಡಿಗೆಗಳಿಗೆ ಮೊಳೆ ಬಿದ್ದವು. ಎಪ್ಪತ್ತೆರಡು ವರ್ಷದ ರೇವಣಸಿದ್ದ ಒಂದು ಹಿಂಡಿನಿಂದ ಇನ್ನೊಂದಕ್ಕೆ ದಾಟುತ್ತ, ಜಾಲಿ ಸರಿಸಿ ಕುಣಿಯ ಬಾಯಿಗೆ ಹಾಕಿದ ಸಿಮೆಂಟಿನ ಬಳೆ ತೋರಿಸುತ್ತ ನಡೆದರು. ಹೊಸ ಅಳತೆ ಅದೇ ಕ್ಷಣ ತಾಳಿಕೋಟಿಯ ಪರದೆಯ ಮೇಲೆ ಮೂಡುತ್ತಿತ್ತು. ಆದರೆ ಹಳೆಯ ಯಂತ್ರ ಹೊಸ ಸಾಲನ್ನು ಸುಮ್ಮನೆ ಒಪ್ಪುತ್ತಿರಲಿಲ್ಲ. ಹೌದೋ ಅಲ್ಲವೋ ಎಂದು ಕೇಳುತ್ತಿತ್ತು. ಆ ಕೀಲಿಯನ್ನೂ ಪೆಟ್ಟಿಗೆಯಿಂದಲೇ ಒತ್ತಿಸಬಹುದೆಂದು ಮೆಹಜಬೀನ್ ಹೇಳಿದಾಗ ಗುರುಬಾಯಿ ತಲೆ ಅಲ್ಲಾಡಿಸಿದರು. “ಈ ಸಲ ನಾನು ಒಂದೊಂದೂ ಓದತೀನಿ.” ಬೆಳಿಗ್ಗೆ ಏಳರಿಂದ ಸಂಜೆಯವರೆಗೆ ಕೂತು ಓದಿದರು. ಸಂದೇಹ ಬಂದದ್ದನ್ನು ಫೋನು ಮಾಡಿ ಮತ್ತೆ ಅಳೆಸಿದರು.

ಷರಾದ ಜಾಗವನ್ನು ಮೆಹಜಬೀನ್ ‘ಮುಗಿಲಿ’ಗೆ ಕಲಿಸಿದಳು. ಕಂಪನಿಯವರು ಬೇಡವೆಂದರೂ ಹಟ ಹಿಡಿದು ಕೂರಿಸಿದಳು. ಗುರುತು ಅರ್ಥವಾಗದಿದ್ದರೆ ಅಂಕಿಯನ್ನು ನಂಬಬೇಡ, ಮನುಷ್ಯರನ್ನು ಕೇಳು ಎಂಬುದು ಅದು ಕಲಿತ ಹೊಸ ನಿಯಮ.

ಮೇ ಮೂರನೆಯ ವಾರ ಕಲ್ಲುಮಡ್ಡಿಯ ಕುಣಿಗಳೆಲ್ಲ ಮುಗಿದವು. ಆ ಭಾಗಕ್ಕೆ ಮಾತ್ರ ಜೋಡಣೆಯನ್ನು ಮತ್ತೆ ಚಾಲೂ ಮಾಡಿದರು. ಮರುದಿನ ಮಧ್ಯಾಹ್ನವೇ ಪಡುವಣದಲ್ಲಿ ಮುಗಿಲು ಕಪ್ಪಾಯಿತು.

ಮಡ್ಡಿಯ ಮೇಲೆ ಅಮೋಗಸಿದ್ಧ, ಲಗಮವ್ವ, ಉಳಿದ ಅರವತ್ತು ಕುರಿ, ಜೊತೆಗೆ ರೇವಣಸಿದ್ದ ಇದ್ದರು. ಪಟ್ಟಿ ಇದ್ದದ್ದು ಮುದುಕರ ಕೈಯಲ್ಲಿ ಮಾತ್ರ. ಗಂಡಹೆಂಡಿರಿಬ್ಬರೂ ಮತ್ತೆ ಕಟ್ಟಿಕೊಂಡಿರಲಿಲ್ಲ. ಅದು ಗುಂಯ್‌ಗುಟ್ಟಿತು. ತಗ್ಗು ಬಿಡಿ, ಪಡುವಣದ ಕಲ್ಲುದಿಬ್ಬದ ಮಗ್ಗಲಿಗೆ ಹೋಗಿ, ಗಿಡಗಳಿಂದ ದೂರ ಕುಕ್ಕರಗಾಲಲ್ಲಿ ಕೂರಿ ಎಂದಿತು.

ಅಮೋಗಸಿದ್ಧ ಕದಲಲಿಲ್ಲ. ಮುದುಕರ ಮುಖವನ್ನೇ ದಿಟ್ಟಿಸಿ ಕೇಳಿದ, “ಈ ಸಲ ನೀರು ಹಾಕಿಲ್ಲಲ್ಲ?”

“ಬಡಿಗಿ ನಿಂದು,” ಎಂದರು ರೇವಣಸಿದ್ದ. “ಚುಚ್ಚಿದಾಂವಾ ನೀನ.”

ಲಗಮವ್ವ ಕಾಯಲಿಲ್ಲ. ಹಿಂಡಿನ ಮುಂದೆ ನಡೆಯುವ ಟಗರಿನ ಕೊರಳ ಹಗ್ಗ ಹಿಡಿದು ಪಡುವಣಕ್ಕೆ ಓಡತೊಡಗಿದಳು. ಕುರಿಗಳೆಲ್ಲ ಅವಳ ಹಿಂದೆ ಬಿದ್ದವು. ಗಂಡಸರಿಬ್ಬರೂ ಕುರಿಗಳ ಹಿಂದೆ ಬಿದ್ದರು.

ಕೇಂದ್ರದಲ್ಲಿ ಮೆಹಜಬೀನ್ ಪರದೆಯ ಮುಂದೆ ನಿಂತಿದ್ದಳು. ತಾಳಿಕೋಟಿಯಲ್ಲಿ ಗುರುಬಾಯಿ ಫೋನು ಹಿಡಿದು ಅವಳ ಉಸಿರನ್ನೇ ಕೇಳುತ್ತಿದ್ದರು. ಸುಗಲಾ ಮತ್ತು ಹೆಂಗಸರು ರೊಟ್ಟಿ ಬಿಟ್ಟು ಬಂದು ಸುತ್ತ ಕೂತಿದ್ದರು. ಏಳು ನಿಮಿಷ. ಎಂಟು. ಪರದೆ ಒಮ್ಮೆ ಬೆಳ್ಳಗಾಯಿತು.

“ತಗ್ಗಿಗೆ ಬಿತ್ತು ಆಯಿ,” ಎಂದಳು ಮೆಹಜಬೀನ್. “ಹೇಳಿದಲ್ಲೇ ಬಿತ್ತು.” ಮತ್ತೆ ಐದು ನಿಮಿಷದ ನಂತರ ರೇವಣಸಿದ್ದರ ಫೋನು ತಾಳಿಕೋಟಿಗೆ ಹತ್ತಿತು. ಮಳೆಯ ಸದ್ದಿನಲ್ಲಿ ಅವರು ಕೂಗುತ್ತಿದ್ದರು: “ಎಲ್ಲಾ ಅದಾವು! ಎಣಿಸಿದ್ವಿ, ಅರವತ್ತೂ ಅದಾವು!” ಹಿಂದಿನಿಂದ ಲಗಮವ್ವನ ದನಿ ಕೇಳಿತು: “ಮರಿ ಹಿಡಿದು ಅರವತ್ತೊಂದ್ರೀ!”

ಗುರುಬಾಯಿ ಅತ್ತರು. ಅತ್ತು ಮುಗಿಸಿ ಬೈದರು. “ಮಳ್ಯಾಗ ನೆನಕೋತ ಯಾಕ ನಿಂತೀರಿ, ಮನೀಗೆ ಬರ್ರಿ.”

“ಇನ್ನೂ ನಾನೂರು ಕುಣಿ ಅದಾವ. ಮಿರಗ ಬಂದ್ರ ನೆಲಾ ಹಸಿ ಆಗತೈತಿ, ಮತ್ತ ಅದ ಸುಳ್ಳು ಅಳತಿ ಆಗತೈತಿ. ಮುಗಿಸೇ ಬರತೀನಿ.”

ಮೂರು ದಿನ ಬಿಸಿಲು ಕಾದು ನೆಲ ಒಣಗಿತು. ನಾಲ್ಕನೆಯ ದಿನ ಬೆಳಿಗ್ಗೆ ಗುರುಬಾಯಿ ಕಂಪ್ಯೂಟರಿನ ಮುಂದೆ ಮಗಳನ್ನು ಕೂರಿಸಿದರು. “ಅಂಕಿ ಓದು. ಕಲ್ಲು ನೆಲದಾಗ ಇಪ್ಪತ್ತರ ಒಳಗ ಬಂದ್ರ ಒತ್ತಬ್ಯಾಡ, ನನಗ ಫೋನ್ ಹಚ್ಚು,” ಎಂದು ಹೇಳಿ, ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದರು. ಹನ್ನೊಂದು ಸಾವಿರ ಕಂಬಗಳ ನಂಬರು ಟೈಪು ಮಾಡಿದ್ದ ಅವರು ಅವುಗಳಲ್ಲಿ ಒಂದನ್ನೂ ಕಣ್ಣಿನಿಂದ ನೋಡಿರಲಿಲ್ಲ. ಟೆಸ್ಟ್ ರೂಮಿಗೆ ಕಿಟಕಿಯೇ ಇರಲಿಲ್ಲ.

ಲಗಮವ್ವ ರಸ್ತೆಯ ತನಕ ಬಂದು ಅವರ ಕೈಹಿಡಿದು ಮಡ್ಡಿ ಹತ್ತಿಸಿದಳು. ಅವಳ ಮಣಿಕಟ್ಟಿನಲ್ಲಿ ಹೊಸ ಪಟ್ಟಿಯಿತ್ತು. ಮೇಲೆ ಗಾಳಿ ಬೀಸುತ್ತಿತ್ತು. ದೂರದಲ್ಲಿ ಡೋಣಿ ಸಣ್ಣಗೆ ಹೊಳೆಯುತ್ತಿತ್ತು. ಬಿಸಿಲಿಗೆ ಕಪ್ಪಾಗಿ ಸೊರಗಿದ ರೇವಣಸಿದ್ದ ಹೆಂಡತಿಯನ್ನು ಕಂಡು ಗಾಬರಿಯಾದರು, ಆಮೇಲೆ ನಾಚಿದರು, ಕೊನೆಗೆ ಜಾಲಿಯ ಟೊಂಗೆ ಸರಿಸಿ ಒಂದು ಸಿಮೆಂಟಿನ ಬಳೆ ತೋರಿಸಿದರು. ಒಂದು ಗೇಣು ಅಗಲವಿತ್ತು. ಒಳಗೆ ತುಕ್ಕು ಹಿಡಿದ ಸರಳು, ಅದರ ಪಕ್ಕ ಒಂದು ಇರುವೆ ಗೂಡು.

“ಇಷ್ಟ ಸಣ್ಣದೇನು?” ಎಂದರು ಗುರುಬಾಯಿ. “ನಾ ಬಾವಿಯಷ್ಟು ಇರತೈತಿ ಅಂತ ತಿಳಿದಿದ್ನಿ.”

ಅಮೋಗಸಿದ್ಧ ನಕ್ಕು ಬಡಿಗೆಯನ್ನು ಅವರ ಕೈಗೆ ಕೊಟ್ಟ. ಗುರುಬಾಯಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಇರುವೆಗಳಿಗೆ ತಾಗದಂತೆ ಜಾಗ ನೋಡಿ, ಎರಡೂ ಕೈಯಿಂದ ಮೊಳೆಗಳನ್ನು ನೆಲಕ್ಕೆ ಒತ್ತಿದರು. ಡಬ್ಬಿಯ ಮೇಲೆ ಅಂಕಿ ಮೂಡಿತು. ಕನ್ನಡಕ ತಂದಿರಲಿಲ್ಲ. ರೇವಣಸಿದ್ದ ಬಗ್ಗಿ ನೋಡಿ ಹೇಳಿದರು, “ಐವತ್ತೇಳು.”

“ಖರೇ ಐವತ್ತೇಳೇನ್ರಿ?”

“ಖರೇ.”

ತಾಳಿಕೋಟಿಯಿಂದ ಸುಗಲಾಳ ಫೋನು ಬಂತು. “ಯವ್ವಾ, ಐವತ್ತೇಳು ಬಂದೈತಿ. ಒತ್ತಲೇನು?”

“ಒತ್ತು,” ಎಂದರು ಗುರುಬಾಯಿ. ಬಡಿಗೆಯನ್ನು ಮರಳಿಸದೆ ಹೆಗಲಿಗೆ ಇಟ್ಟುಕೊಂಡು ಗಂಡನನ್ನು ಕೇಳಿದರು, “ಮುಂದಿನ ಕುಣಿ ಯಾ ಕಡೆ?”